ನಿಲ್ಲುವ ಕಾಲದಲ್ಲಿ ನಾನೂ ನಮ್ಮತ್ತೆಯೂ

ನಮ್ಮ ಮಹಡಿ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಮೊನ್ನೆ ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಾ, ನಮ್ಮ ತಂತಿಯನ್ನು ನೋಡಿ, ತಡೆಯಲಾರದೆ ಕೇಳಿಯೇಬಿಟ್ಟಳು.

"ಆಂಟಿ, ಈ ಬಿಸಿಲಲ್ಲಿ ಮಂಕಿ ಟೋಪಿ ಯಾರು ಹಾಕ್ಕೋತಾರೆ?"

ಕೇಳಬೇಕಾದ ಪ್ರಶ್ನೆಯೇ. ನಂಜನಗೂಡಿನ ಏಪ್ರಿಲ್ ತಿಂಗಳು ಅಂದರೆ ಹೊಳೆ ಮೆಟ್ಟಿಲ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರು ಭರತನಾಟ್ಯ ಕಲಿತುಬಿಡುವ ಕಾಲ. ಅಂಥದ್ದರಲ್ಲಿ ನಮ್ಮ ತಂತಿಯ ಮೇಲೆ ಒಂದು ಮಂಕಿ ಟೋಪಿ, ಒಂದು ಜೊತೆ ಉಣ್ಣೆ ಕಾಲುಚೀಲ, ಒಂದು ತುಂಬುತೋಳಿನ ಸ್ವೆಟರು ಸಾಲಾಗಿ ನೇತಾಡುತ್ತಿದ್ದವು. ಎಲ್ಲವೂ ನಮ್ಮನೆಯವರದ್ದು. ಮನೆಯಲ್ಲಿ ಫ್ಯಾನು ಯಾವಾಗಲೂ ಐದರಲ್ಲೇ ಓಡಬೇಕು ಅನ್ನುವುದು ನನ್ನ ಕಾನೂನು. ಆ ಕಾನೂನಿನಡಿ ಬದುಕುವುದಕ್ಕೆ ಅವರು ಮಾಡಿಕೊಂಡಿರುವ ಏರ್ಪಾಡು ಇದು.

"ನಮ್ಮನೆಯವರದು ಕಣಮ್ಮ. ನನಗೆ ಮುಟ್ಟು ನಿಲ್ತಾ ಇದೆ. ನನಗೆ ಸೆಕೆ, ಅವರಿಗೆ ಚಳಿ" ಅಂದೆ.

ಆ ಹುಡುಗಿ ಕೆಂಪಗಾಗಿ, ಕ್ಲಿಪ್ಪಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದಳು. ನನಗೆ ನಗು ಬಂತು. ಎರಡು ವರ್ಷದ ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ "ನಮ್ಮನೆಯವರಿಗೆ ನೆಗಡಿ" ಅಂತ ಹೇಳಿ ನಾನೇ ಕೆಳಗಿಳಿದು ಓಡುತ್ತಿದ್ದೆ. ಈಗ ನಲವತ್ತೆಂಟನೇ ವಯಸ್ಸಿನಲ್ಲಿ ಬಾಯಿ ಬಂದಿದೆ. ಬರಲು ಕಾರಣ ನಮ್ಮತ್ತೆ. ಅದನ್ನು ಹೇಳಬೇಕು ಅಂತಲೇ ಕೂತಿದ್ದೇನೆ. ಆದರೆ ನಮ್ಮತ್ತೆಗಿಂತ ಮೊದಲು ನಮ್ಮಮ್ಮನ ವಿಷಯ ಹೇಳದಿದ್ದರೆ ತವರಿಗೆ ದ್ರೋಹ ಮಾಡಿದ ಹಾಗಾಗುತ್ತದೆ.

ನಾನು ಹುಟ್ಟಿದ್ದು ಕಳಲೆಯಲ್ಲಿ, ಐದು ಮಕ್ಕಳಲ್ಲಿ ಕೊನೆಯವಳಾಗಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ ಇದ್ದಕ್ಕಿದ್ದ ಹಾಗೆ ವಿಚಿತ್ರವಾಗಿ ಆಡಲು ಶುರು ಮಾಡಿದಳು. ಕಾವಲಿ ಮೇಲೆ ರೊಟ್ಟಿ ಬೇಯುತ್ತಿರುವಾಗ ಅದನ್ನು ಹಾಗೇ ಬಿಟ್ಟು ನಡುಮನೆಗೆ ಬಂದು ಕಲ್ಲಿನ ಕಂಬವನ್ನು ತಬ್ಬಿಕೊಂಡು, ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅಪ್ಪ ಮೊದಮೊದಲು ಇದನ್ನು ಭಕ್ತಿ ಅಂದುಕೊಂಡರು. ಆಮೇಲೆ ಅವಳು ಹಿತ್ತಲಿಗೆ ಹೋಗಿ ತೊಟ್ಟಿಯ ನೀರನ್ನು ಸೀರೆಯ ಸಮೇತ ತಲೆ ಮೇಲೆ ಸುರಿದುಕೊಳ್ಳಲು ಶುರು ಮಾಡಿದಾಗ ಗಾಬರಿಯಾಗಿ, ಪಕ್ಕದ ಊರಿನಿಂದ ಒಂದು ತಾಯತ ಮಾಡಿಸಿ ತಂದರು. "ಗಾಳಿ ಸೋಕಿದೆ" ಅಂತ ತಾಯತ ಕೊಟ್ಟವನು ಹೇಳಿದನಂತೆ. ಅಮ್ಮ ಬೇಡಿಕೊಳ್ಳುತ್ತಿದ್ದುದೇ ಒಂದಿಷ್ಟು ಗಾಳಿ ಸೋಕಲಿ ಅಂತ. ನಾಲ್ಕು ದಿನ ಕಟ್ಟಿಕೊಂಡಳು. ದಾರ ಬೆವರಿಗೆ ತೊಯ್ದು ತೊಯ್ದು ಕುತ್ತಿಗೆ ಕೆರೆತ ಹತ್ತಿದ ಮೇಲೆ ಬಿಚ್ಚಿ, ಹಾಲು ಕಮ್ಮಿ ಮಾಡಿದ್ದ ಎಮ್ಮೆಗೆ ಕಟ್ಟಿದಳು. ಎಮ್ಮೆಗೆ ಗುಣ ಕಂಡಿತು. ತಾಯತದ ಮೇಲೆ ಅಪ್ಪನಿಗಿದ್ದ ನಂಬಿಕೆ ಕೊನೆಯವರೆಗೂ ಹೋಗಲಿಲ್ಲ.

ಅಮ್ಮನಿಗೆ ಏನಾಗಿತ್ತು ಅಂತ ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಬೆಳೆದು ದೊಡ್ಡವಳಾಗಿ, ವಿಜ್ಞಾನ ಓದಿ, ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರೇ ಆದ ನಾನೂ ಕೇಳಲಿಲ್ಲ. ನನ್ನ ವಿಜ್ಞಾನದ ಯೋಗ್ಯತೆ ಎಷ್ಟು ಅಂದರೆ, ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿಯ ಪಾಠ ಬಂದಾಗ ಹೂವಿನ ಪರಾಗಸ್ಪರ್ಶವನ್ನು ಮೂರು ದಿನ ಚಿತ್ರ ಬರೆದು ವರ್ಣಿಸಿ, ಮನುಷ್ಯರ ಪುಟ ಬಂದ ಕೂಡಲೇ "ಇದನ್ನ ಮನೇಲಿ ಓದ್ಕೊಳ್ಳಿ" ಅಂದುಬಿಡುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ ದಾಟಿಸಿದ್ದೆ. ಆ ಪುಟ ನನ್ನನ್ನೇ ಹುಡುಕಿಕೊಂಡು ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಬಂದದ್ದು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ. ವೇದಿಕೆಯ ಮೇಲೆ ಟೀಚರುಗಳ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದೆ. ಹೊಟ್ಟೆಯ ಹತ್ತಿರ ಯಾರೋ ಒಲೆ ಹಚ್ಚಿದ ಹಾಗಾಯಿತು. ಆ ಶಾಖ ಎದೆಗೆ ಏರಿತು, ಕತ್ತಿಗೆ ಏರಿತು, ಕಿವಿಯ ತುದಿಗೆ ಬಂದು ನಿಂತಿತು. ಹಣೆಯಿಂದ ನೀರು ಧಾರಾಕಾರ. ಮುಂದಿನ ಸಾಲಿನ ಹುಡುಗಿಯರು ಹಾಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ಒಳ್ಳೆಯವರು. ನಾನು ಈಗಲೋ ಆಗಲೋ ಬೀಳುತ್ತೇನೆ ಅಂದುಕೊಂಡು ಕುರ್ಚಿ ತರಿಸಿ ಕೂರಿಸಿ, ಒಂದು ಲೋಟ ಗ್ಲೂಕೋಸ್ ಕುಡಿಸಿದರು. ಅವತ್ತಿನಿಂದ ನನ್ನ ಮುಖ ಒಂಚೂರು ಕೆಂಪಾದರೂ ಸಾಕು, ಅವರ ಕೋಣೆಯಿಂದ "ಗಿರಿಜಾ ಮೇಡಂಗೆ ಗ್ಲೂಕೋಸ್!" ಅನ್ನುವ ಕೂಗು. ಎರಡು ತಿಂಗಳಲ್ಲಿ ಸ್ಕೂಲಿನ ಕ್ರೀಡಾಕೂಟದ ಗ್ಲೂಕೋಸನ್ನೆಲ್ಲ ನಾನೊಬ್ಬಳೇ ಕುಡಿದು ಮುಗಿಸಿದೆ.

ಬರೀ ಸೆಕೆಯಾಗಿದ್ದರೆ ಹೇಗೋ ಆಗುತ್ತಿತ್ತು. ಸಿಟ್ಟು ಬೇರೆ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವಳು ನಾನು. ಒಂದು ದಿನ ಕಂಡಕ್ಟರು "ಒಂಚೂರು ಒಳಗೆ ಹೋಗಿ ಮೇಡಂ" ಅಂದ. ಅಷ್ಟೇ ಅಂದದ್ದು. ನಾನು ಅವನಿಗೆ ಶಿಷ್ಟಾಚಾರ, ಹೆಣ್ಣುಮಕ್ಕಳ ಘನತೆ, ಬಸ್ಸಿನ ಕಿಟಕಿಗಳ ದುಃಸ್ಥಿತಿ ಎಲ್ಲದರ ಮೇಲೂ ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದೆ. ಮುಂದಿನ ಸ್ಟಾಪು ಬರುವಷ್ಟರಲ್ಲಿ ಪಾಪ ಅನ್ನಿಸಿ ಅಳು ಬಂತು. ಆ ಕಂಡಕ್ಟರು ತನ್ನ ನೀರಿನ ಬಾಟಲು ಕೊಟ್ಟು, "ಮನೇಲೇನಾದ್ರೂ ತೊಂದ್ರೆನಾ ಅಕ್ಕಾ?" ಅಂತ ಕೇಳಿದ. ಅದಕ್ಕೂ ಅತ್ತುಬಿಟ್ಟೆ.

ಮರೆವು ಇನ್ನೊಂದು. ಒಂದು ಮಧ್ಯಾಹ್ನ ಒಂಬತ್ತನೇ ಕ್ಲಾಸಿಗೆ ಹೋಗಿ ಎಂಟನೇ ಕ್ಲಾಸಿನ ಪಾಠ ಪೂರ್ತಿ ಮಾಡಿ ಬಂದೆ. ಮಕ್ಕಳು ಯಾರೂ ತಕರಾರು ಮಾಡಲಿಲ್ಲ. ಮೊದಲ ಸಲ ಟೀಚರ್ ಹೇಳಿದ್ದು ಅರ್ಥವಾಯಿತು ಅಂತ ಅವರಿಗೆ ಖುಷಿಯಾಗಿತ್ತಂತೆ.

ಇಷ್ಟಾದರೂ ನಾನು ಯಾರಿಗೂ ಬಾಯಿ ಬಿಡಲಿಲ್ಲ. ಬಿಡಿಸಿದ್ದು ಒಂದು ಭಾನುವಾರದ ಬಸ್ಸಾರು.

ಅವತ್ತು ಹೆಮ್ಮಿಗೆಯಿಂದ ನಮ್ಮ ಭಾವ ಅಕ್ಕಿ ಮೂಟೆ ತಂದಿದ್ದರು. ಭಾವ ಅಂದರೆ ನಮ್ಮನೆಯವರ ಅಣ್ಣ. ಅಲ್ಲಿ ಗದ್ದೆ, ಹಸು ನೋಡಿಕೊಂಡು ಅತ್ತೆಯ ಜೊತೆ ಇರುವವರು. ನಾನು ಸೊಪ್ಪು ಬಸಿಯುತ್ತಿದ್ದಾಗ ಎದೆ ಇದ್ದಕ್ಕಿದ್ದ ಹಾಗೆ ಡವಡವ ಅಂತ ಹೊಡೆದುಕೊಳ್ಳತೊಡಗಿತು. ಸೌಟು ಕೈಜಾರಿತು. "ರೀ" ಅಂದೆ. ನಮ್ಮನೆಯವರು ಬಂದು ನೋಡಿ, ನನಗಿಂತ ಜೋರಾಗಿ ಬೆವೆತರು. ಅವರ ಹೆಸರು ಶಿವಮಲ್ಲು, ಪೇಟೆಯಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಬೆಳೆಗೆ ಏನೇ ಬಂದರೂ ಎದೆಗುಂದದ ಮನುಷ್ಯ ಹೆಂಡತಿ ಎದೆ ಹಿಡಿದುಕೊಂಡು ಕೂತದ್ದನ್ನು ಕಂಡು ಬೀದಿಗೆ ಓಡಿ, ಕಣ್ಣಿಗೆ ಬಿದ್ದ ಮೊದಲ ಗಾಡಿಯನ್ನು ನಿಲ್ಲಿಸಿದರು. ಅದು ಪಕ್ಕದ ಮನೆ ಸಿದ್ದರಾಜುವಿನ ಗೂಡ್ಸ್ ಆಟೋ. ತುಂಬಾ ರಸಬಾಳೆ ಗೊನೆ. ನನ್ನನ್ನು ಗೊನೆಗಳ ನಡುವೆ ಕೂರಿಸಿದರು. ಒಂದು ಕಡೆ ಗಂಡ, ಇನ್ನೊಂದು ಕಡೆ ಭಾವ. ಪ್ರಾಣ ಹೋಗುತ್ತಿದೆ ಅನ್ನುವ ಆ ಗಳಿಗೆಯಲ್ಲೂ ಹಣ್ಣಿನ ಘಮ ನನ್ನ ಮೂಗಿಗೆ ಬಡಿಯುತ್ತಿತ್ತು ಅಂದರೆ ನಾನೆಂಥ ಹೊಟ್ಟೆಬಾಕಿ ನೋಡಿ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಹೃದಯ ಸರಿಯಾಗಿದೆ ಅಂದರು. ರಕ್ತ ಪರೀಕ್ಷೆಗೆ ಬರೆದುಕೊಟ್ಟು ಹೆಂಗಸರ ಡಾಕ್ಟರಮ್ಮನ ಕೋಣೆಗೆ ಕಳಿಸಿದರು. ನಾನು ಒಳಗೆ ಹೋದರೆ ನನ್ನ ಹಿಂದೆಯೇ ನಮ್ಮನೆಯವರು, ಅವರ ಹಿಂದೆ ಭಾವ, ಅವರ ಹಿಂದೆ ಸಿದ್ದರಾಜು. ಮೂವರೂ ಗೋಡೆಗೆ ಒರಗಿ ನಿಂತರು. ಡಾಕ್ಟರಮ್ಮ ನನ್ನ ನಾಡಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದೆಯಾ?"

ಆ ಕ್ಷಣದಲ್ಲಿ ಆ ಮೂವರು ಗಂಡಸರಿಗೆ ಆದದ್ದನ್ನು ನೀವು ನೋಡಬೇಕಿತ್ತು. ಸಿದ್ದರಾಜು ಆಟೋದ ಟೈರಿನ ಗಾಳಿ ನೆನಪಾಗಿ ಹೊರಗೆ ಹೋದ. ಭಾವ ಗೋಡೆಯ ಮೇಲಿದ್ದ ಲಸಿಕೆಯ ಚಿತ್ರಪಟವನ್ನು ಪರೀಕ್ಷೆಗೆ ಕೂತವರಂತೆ ಓದಲು ಶುರು ಮಾಡಿದರು. ನಮ್ಮನೆಯವರೊಬ್ಬರು ಮಾತ್ರ ಅಲ್ಲಾಡದೆ ನಿಂತು, "ಇಲ್ಲ ಮೇಡಂ, ಎರಡು ತಿಂಗಳಿಗೊಮ್ಮೆ, ಒಂದೊಂದ್ಸಲ ಹದಿನೈದು ದಿನಕ್ಕೇ" ಅಂದರು. ನಾನು ತಬ್ಬಿಬ್ಬಾದೆ. ನಾನೇ ಲೆಕ್ಕವಿಡದಿದ್ದುದನ್ನು ಈ ಮನುಷ್ಯ ಗಮನಿಸಿದ್ದರು!

ಡಾಕ್ಟರಮ್ಮ ನಿಧಾನವಾಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ಇದು ಮುಟ್ಟು ನಿಲ್ಲುವ ಮೊದಲಿನ ಕಾಲ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಸೆಕೆ, ಸಿಟ್ಟು, ಮರೆವು, ಎದೆ ಡವಡವ ಎಲ್ಲ ಇದರದ್ದೇ ಇರಬಹುದು. ಹಾಗಂತ ಎಲ್ಲವನ್ನೂ ಇದರ ತಲೆಗೇ ಕಟ್ಟಿ ಸುಮ್ಮನಿರಬಾರದು, ಎದೆ ಹೊಡೆದುಕೊಂಡಾಗ ಬಂದದ್ದು ಒಳ್ಳೆಯದೇ ಆಯಿತು, ಬಿಪಿ, ಶುಗರ್, ಥೈರಾಯ್ಡ್, ರಕ್ತದ ಅಂಶ ನೋಡಿಬಿಡೋಣ. ದಿನಾ ನಡೀಬೇಕು, ಭಾರ ಎತ್ತಿ ಕೈಕಾಲು ಗಟ್ಟಿ ಮಾಡ್ಕೋಬೇಕು, ಮೂಳೆಗೆ ರಾಗಿ, ಹಾಲು, ಸೊಪ್ಪು. ಕಾಫಿ ಕಮ್ಮಿ. ತೀರಾ ಕಷ್ಟವಾದರೆ ಔಷಧಿ ಉಂಟು, ನಿಮ್ಮ ಮೈ ನೋಡಿ ಕೊಡ್ತೀನಿ, ಸಹಿಸ್ಕೊಂಡು ಕೂರಬೇಡಿ. ಕೊನೆಗೆ ಒಂದು ಮಾತು ಹೇಳಿದರು.

"ಇದೊಂದು ನೆನಪಿಟ್ಕೊಳ್ಳಿ. ಪೂರ್ತಿ ಒಂದು ವರ್ಷ ಮುಟ್ಟು ನಿಂತಮೇಲೆ ಒಂದು ಹನಿ ರಕ್ತ ಕಾಣಿಸಿಕೊಂಡ್ರೂ ಬಂದು ತೋರಿಸ್ಬೇಕು. ಅರವತ್ತಾಗಿರಲಿ, ಎಪ್ಪತ್ತಾಗಿರಲಿ. ಬಹಳ ಜನಕ್ಕೆ ಏನೂ ಇರಲ್ಲ. ಇದ್ದರೆ ಮಾತ್ರ ಬೇಗ ಗೊತ್ತಾಗ್ಬೇಕು."

ನಾನು ತಲೆಯಾಡಿಸಿದೆ. ನಮ್ಮನೆಯವರು ಬಾಳೆಹಣ್ಣಿನ ಬಿಲ್ಲಿನ ಹಿಂದೆ ಬರೆದುಕೊಂಡರು.

ಅಲ್ಲಿಂದ ಶುರುವಾಯಿತು ಅವರ ಆರೈಕೆ. ರಕ್ತ ಪರೀಕ್ಷೆಯಲ್ಲಿ ರಕ್ತ ಕಮ್ಮಿ ಅಂತ ಬಂದದ್ದನ್ನು ಅವರು ಮಣ್ಣು ಪರೀಕ್ಷೆಯ ವರದಿಯನ್ನು ಓದುವ ಗತ್ತಿನಲ್ಲಿ ಓದಿದರು. "ಲಘು ಪೋಷಕಾಂಶದ ಕೊರತೆ" ಅಂದರು. ಅಗಸೆ ಬೀಜ ಬಂತು, ಎಳ್ಳು ಬಂತು, ಸೋಯಾ ಕಾಳು ಬಂತು. ಭಾರ ಎತ್ತುವುದಕ್ಕೆ ಅಂಗಡಿಯಿಂದ ಎರಡೆರಡು ಕೆಜಿಯ ಹೈಬ್ರಿಡ್ ಜೋಳದ ಪ್ಯಾಕೆಟ್ಟು ತಂದರು. ದಿನಾ ಸಂಜೆ ಕೈಗೊಂದು ಪ್ಯಾಕೆಟ್ಟು ಹಿಡಿದು ಮೇಲಕ್ಕೆ ಕೆಳಕ್ಕೆ ಎತ್ತುತ್ತಿದ್ದೆ. ಮೂರನೇ ವಾರ ಒಂದು ಒಡೆದು ನಡುಮನೆಯ ತುಂಬಾ ಔಷಧಿ ಹಚ್ಚಿದ ಗುಲಾಬಿ ಬಣ್ಣದ ಬಿತ್ತನೆ ಜೋಳ. ದಿನಕ್ಕೆ ಆರು ಲೋಟ ಇದ್ದ ಕಾಫಿ ಎರಡಕ್ಕೆ ಇಳಿಯಿತು. ಆ ವಾರ ನಮ್ಮ ಮನೆಯಲ್ಲಿ ಮಾತೂ ಇಳಿಯಿತು.

"ನೋಡು ಗಿರಿಜಾ, ಬಾಳೆ ಗೊನೆ ಬಿಟ್ಟಮೇಲೆ ಗಿಡಾನ ಹಾಗೇ ಬಿಟ್ಬಿಡ್ತಾರಾ?" ಅಂತ ಒಂದು ದಿನ ಸಮಾಧಾನಕ್ಕೆ ಅಂದರು.

"ಇಲ್ಲ ರೀ. ಕಡೀತಾರೆ."

"ಹಾಗಾದ್ರೆ ತೆಂಗು ಅಂತ ಇಟ್ಕೋ" ಅಂದರು.

ಇವರ ಉತ್ಸಾಹ ಮನೆಯೊಳಗೇ ಇದ್ದಿದ್ದರೆ ಚೆನ್ನಾಗಿತ್ತು. ಅಂಗಡಿಗೆ ಯೂರಿಯಾಕ್ಕೆ ಬಂದವರನ್ನೆಲ್ಲ "ಮನೇಲಿ ಹೆಂಗಸರಿಗೆ ಎಷ್ಟು ವಯಸ್ಸು?" ಅಂತ ಕೇಳಿ, ನನ್ನ ಕಥೆಯನ್ನು ಉದಾಹರಣೆ ಸಮೇತ ಹೇಳಿ ಕಳಿಸುತ್ತಿದ್ದರು. ಪೇಟೆಯಲ್ಲಿ ಗುರುತಿಲ್ಲದ ಗಂಡಸರು ನನ್ನನ್ನು ಕಂಡು "ಹುಷಾರಾಗಿದ್ದೀರಾ ಮೇಡಂ?" ಅನ್ನತೊಡಗಿದಾಗ ನನಗೆ ವಿಷಯ ತಿಳಿದದ್ದು.

ಇತ್ತ ಭಾವ ಹೆಮ್ಮಿಗೆಗೆ ಹೋಗಿ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ಗಿರಿಜಂಗೆ ಏನೋ ಹೆಂಗಸರ ಕಾಯಿಲೆ" ಅಂತಷ್ಟೇ ಹೇಳಿದ್ದರು. ಸೊಸೆ ಸಾಯುತ್ತಿದ್ದಾಳೆ ಅಂದುಕೊಂಡು ಅತ್ತೆ ತುಪ್ಪದ ಡಬ್ಬಿ ಹಿಡಿದು ಮೊದಲ ಬಸ್ಸಿಗೇ ಬಂದರು.

ನಮ್ಮತ್ತೆ ಗೌರಮ್ಮಣ್ಣಿಗೆ ಎಪ್ಪತ್ತರ ಹತ್ತಿರ. ಕಡ್ಡಿಯ ಹಾಗಿದ್ದಾರೆ, ಧ್ವನಿ ಮಾತ್ರ ಎರಡು ಗದ್ದೆ ದಾಟುತ್ತದೆ. ವಿಷಯ ಕೇಳಿ ನಕ್ಕು ನಕ್ಕು ಕೆಮ್ಮಿದರು.

"ಇಷ್ಟೇಯಾ? ನಾಟಿ ಮಾಡುವಾಗ ನಮ್ಗೂ ಬೆವ್ರು ಬತ್ತಿತ್ತು ಕನವ್ವ. ಯಾವ ಬೆವ್ರು ಯಾತುಕ್ ಬಂತು ಅಂತ ಯಾರ್ ಕೇಳೋರು? ಅದ್ಕೆ ಡಾಕ್ಟ್ರು, ಇಸಿಜಿ! ಜೋಳದ ಪೊಟ್ಣ ಎತ್ತೋದು ಬ್ಯಾರೆ!"

ನಾನು ಪೆಚ್ಚಾದೆ. ಆದರೂ ಬೆಳಗಿನ ಹೊತ್ತು ಹೊಳೆದಂಡೆಯ ಕಡೆ ನಡೆಯಲು ಹೊರಟರೆ ಅತ್ತೆಯೂ ಜೊತೆಗೆ ಬರುತ್ತಿದ್ದರು. ನಾನು ಏದುಸಿರು ಬಿಡುತ್ತಾ ನಡೆದರೆ ಅವರು ಮುಂದೆ ಮುಂದೆ ಹೋಗಿ, ನಿಂತು, "ಬತ್ತಿಯೋ, ಇಲ್ಲೇ ಒಂದ್ ಆಟೋ ಕರೀಲೋ?" ಅಂತ ರೇಗಿಸುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ಸ್ಕೂಲಿನ ಇಂಗ್ಲಿಷ್ ಟೀಚರ್ ವಿಮಲಾ ಫೋನು ಮಾಡಿದಳು. ಅವಳಿಗೂ ನನ್ನದೇ ವಯಸ್ಸು. ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ನಿಂತು ವರ್ಷವಾದ್ಮೇಲೆ ಒಂದು ಹನಿ ಕಂಡ್ರೂ ತೋರಿಸ್ಬೇಕಂತೆ ಕಣೇ, ಎಪ್ಪತ್ತು ವರ್ಷದವರಾದ್ರೂ ಸರಿ" ಅಂದೆ. ಅತ್ತೆಯ ಕೈ ನಿಂತಿತು. ನನಗೆ ಅದು ಕಂಡಿತು, ಆದರೆ ಹೊಳೆಯಲಿಲ್ಲ. ಕಾಳಿನಲ್ಲಿ ಹುಳ ಸಿಕ್ಕಿರಬೇಕು ಅಂದುಕೊಂಡೆ.

ಎರಡು ದಿನ ಅತ್ತೆ ನನ್ನನ್ನು ರೇಗಿಸಲಿಲ್ಲ. ಮೂರನೇ ದಿನ ಬೆಳಗ್ಗೆ ಹೊಳೆದಂಡೆಯಲ್ಲಿ ನಡೆಯುವಾಗ, ನೀರಿನ ಕಡೆ ಮುಖ ಮಾಡಿಕೊಂಡು ಕೇಳಿದರು.

"ಅಲ್ಲ ಕೂಸೆ, ನಮ್ಮೂರಲ್ಲಿ ಒಬ್ಳು ಎಂಗಸು ಅವ್ಳ. ಅವಳ್ಗೆ ನಿಂತು ಇಪ್ಪತ್ ವರ್ಸ ಆಗದ. ಈಗ ಒಸಿ ಕಾಣ್ಸ್ಕತಾ ಅದಂತ. ಅದೂ ಡಾಕ್ಟ್ರುಗ್ ತೋರ್ಸ್‌ಬೇಕಾ?"

"ತೋರಿಸ್ಲೇಬೇಕು ಅತ್ತೆ. ಯಾರದು?"

"ನಿಂಗೊತ್ತಿಲ್ಲ ಬುಡು."

"ಹೆಮ್ಮಿಗೇಲಿ ನನಗೆ ಗೊತ್ತಿಲ್ದೋರು ಯಾರಿದ್ದಾರೆ? ವಯಸ್ಸೆಷ್ಟು?"

"ನನ್ನಷ್ಟೇಯ."

"ಮಕ್ಕಳು?"

"ಎಲ್ಡು ಗಂಡು."

"ಮನೇಲಿ ಹಸು ಇದೆಯಾ?"

"ಎಲ್ಡವ. ಒಂದು ಕರೀದು, ಒದೀತದ" ಅಂದವರು ಅಲ್ಲಿಗೆ ತಟ್ಟನೆ ನಿಲ್ಲಿಸಿದರು. ಒದೆಯುವ ಕರಿ ಹಸು ಇಡೀ ಹೆಮ್ಮಿಗೆಗೆ ಒಂದೇ. ಅದು ನಮ್ಮ ಮನೆಯಲ್ಲಿದೆ.

ನನ್ನ ಮೈಯ ಶಾಖವೆಲ್ಲ ಒಂದೇ ಸಲಕ್ಕೆ ಇಳಿದುಹೋಯಿತು. ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಈಗ "ನೀವೇ ಅಲ್ವಾ?" ಅಂದರೆ ಇವರು ಮಧ್ಯಾಹ್ನದ ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ, ಮತ್ತೆ ಬಾಯಿ ಬಿಡುವುದಿಲ್ಲ ಅಂತ ಹೊಳೆಯಿತು.

"ಎಷ್ಟು ದಿನದಿಂದ ಅಂತೆ ಆ ಹೆಂಗಸಿಗೆ?" ಅಂದೆ, ಆದಷ್ಟು ಸಾದಾ ಧ್ವನಿಯಲ್ಲಿ.

"ಗೌರಿ ಅಬ್ಬ ಆದಾಗಿಂದ. ನೋವಿಲ್ಲ, ಏನಿಲ್ಲ. ಅವ್ಳು ಯಾರ್ಗೂ ಯೇಳಿಲ್ಲ. ಈ ವಯಸ್ಸಲ್ಲಿ ಇದೇನ್ ಬಂತು ಅಂತ ಅವಳ್ಗೆ ನಾಚ್ಕ."

"ನಾಳೆ ಡಾಕ್ಟರಮ್ಮನ ಹತ್ರ ಹೋಗೋಣ. ಆ ಹೆಂಗಸಿನ ಪರವಾಗಿ ನೀವೇ ಎಲ್ಲ ಹೇಳಿ."

"ಊ ಕನ. ಅಂಗ್ ಮಾಡಾಣ" ಅಂದರು. ನಾವಿಬ್ಬರೂ ಮನೆಗೆ ಬಂದೆವು. ದಾರಿಯಲ್ಲಿ ಅವರು ನನಗಿಂತ ಹಿಂದೆ ನಡೆದರು.

ಮಾರನೇ ದಿನ ಡಾಕ್ಟರಮ್ಮನಿಗೆ ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ಜಾಣೆ. ಅತ್ತೆ ಊರಿನ ಹೆಂಗಸಿನ ಕಥೆಯನ್ನು ಪೂರ್ತಿ ಹೇಳಿದರು. ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡು, "ಅಜ್ಜಿ, ಆ ಹೆಂಗಸು ಈಗ ಈ ಮಂಚದ ಮೇಲೆ ಮಲಗ್ಬೇಕಲ್ಲ, ನಾನು ನೋಡ್ಬೇಕು" ಅಂದರು.

ಅತ್ತೆ ಸೆರಗನ್ನು ಸರಿಮಾಡಿಕೊಂಡರು. "ಅವ್ಳ್ ಬದ್ಲು ನಾ ಮಲಿಕ್ಕತ್ತಿನಿ" ಅಂದು, ಮಂಚ ಹತ್ತಿ, ನನ್ನ ಕೈಯನ್ನು ಹಿಡಿದುಕೊಂಡರು. ಸೊಸೆಯಾಗಿ ಇಪ್ಪತ್ತೈದು ವರ್ಷದಲ್ಲಿ ನಮ್ಮತ್ತೆ ನನ್ನ ಕೈ ಹಿಡಿದದ್ದು ಅದೇ ಮೊದಲು. ಗದ್ದೆಯ ಕೆಲಸ ಮಾಡಿದ ಕೈ. ಹಿಡಿತಕ್ಕೆ ನನ್ನ ಬೆರಳ ಮೂಳೆಗಳು ಒಂದಕ್ಕೊಂದು ತಾಗಿದವು.

ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿದೆ ಅಂತ ಬಂತು. ಒಂದು ಚೂರು ತೆಗೆದು ಪರೀಕ್ಷೆಗೆ ಮೈಸೂರಿಗೆ ಕಳಿಸಿದರು. ಉತ್ತರ ಬರಲು ಹತ್ತು ದಿನ. "ಕ್ಯಾನ್ಸರ್ ಇಲ್ಲ ಅಂತ ಗ್ಯಾರಂಟಿ ಮಾಡ್ಕೊಳ್ಳೋದಕ್ಕೆ ಇದು" ಅಂತ ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. ಆ ವಾಕ್ಯದಲ್ಲಿ ನನಗೆ ಕೇಳಿಸಿದ್ದು ಒಂದೇ ಪದ.

ಗಂಡುಮಕ್ಕಳಿಗೆ ಹೇಳಕೂಡದು ಅಂತ ಅತ್ತೆ ಆಣೆ ಹಾಕಿಸಿಕೊಂಡರು. ಆಸ್ಪತ್ರೆಗೆ ಯಾಕೆ ಹೋಗಿದ್ದಿರಿ ಅಂತ ನಮ್ಮನೆಯವರು ಕೇಳಿದ್ದಕ್ಕೆ ನಾನು ಮಂಡಿನೋವು ಅಂದೆ. ಅಂದಿದ್ದೇ ತಪ್ಪಾಯಿತು. ಸಂಜೆಗೆ ಎರಡು ಬಗೆಯ ಎಣ್ಣೆ, ಒಂದು ಜೊತೆ ಮಂಡಿ ಪಟ್ಟಿ ತಂದರು. ಹುಲ್ಲೆಯ ಹಾಗೆ ನಡೆಯುತ್ತಿದ್ದ ಅತ್ತೆ, ಹೇಳಿದ ಸುಳ್ಳಿಗೆ ಮರ್ಯಾದೆ ಕೊಡುವುದಕ್ಕಾಗಿ ಎರಡೂ ಮಂಡಿಗೆ ಪಟ್ಟಿ ಬಿಗಿದುಕೊಂಡು, ಮಗ ಮನೆಯಲ್ಲಿರುವಷ್ಟು ಹೊತ್ತು ಕುಂಟಿದರು. ಒಂದೊಂದು ದಿನ ಎಡಗಾಲು, ಒಂದೊಂದು ದಿನ ಬಲಗಾಲು.

ಆ ಹತ್ತು ದಿನ ಹೇಗೆ ಕಳೆದವೋ. ಅತ್ತೆ ಹೆದರಿಕೆಯನ್ನು ಬಾಯಲ್ಲಿ ಹೇಳುವವರಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಹಿಂದೆ ಬಂದು ನಿಂತು, "ಕರೀ ಅಸಾನ ಮಾರ್ಬುಡಿ, ನಾನಿಲ್ದಿದ್ರ ಅದು ಯಾರ್ಗೂ ಬಗ್ಗಾಕಿಲ್ಲ" ಅನ್ನುತ್ತಿದ್ದರು. ಇನ್ನೊಂದು ದಿನ ತಮ್ಮ ಮದುವೆ ಸೀರೆ ಯಾವ ಟ್ರಂಕಿನಲ್ಲಿದೆ ಅಂತ ಹೇಳಿದರು. ನಾನು "ಸುಮ್ನಿರಿ ಅತ್ತೆ" ಅಂತ ಗದರಿ, ಸಾಸಿವೆ ಸೀಯಿಸಿದೆ.

ಒಂದು ಬೆಳಗ್ಗೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾಗ ತಾವಾಗಿಯೇ ಶುರು ಮಾಡಿದರು.

"ನಿಂಗಾದಂಗೇ ನಂಗೂ ಆಗಿತ್ತು ಕನ. ನಾ ಬ್ಯಾರೆ ಯೇಳ್ದಿ ನಿಂಗೆ, ಬರೀ ಬೆವ್ರು ಅಂತ. ಮೈಯೆಲ್ಲ ಉರಿ. ಕೌದಿ ಒಗ್ಯಾಕ್ ಓಯ್ತಿನಿ ಅಂತ ನಾಲೆಗೋಗಿ ಕುತ್ಗೆಗಂಟ ನೀರಲ್ಲಿ ಕೂತ್ಕತಿದ್ದಿ. ಇರೋವು ಮೂರು ಕೌದಿ, ವಾರದಲ್ಲಿ ನಾಕ್ ದಿನ ಒಗೀತಿದ್ದಿ. ನಿಮ್ಮಾವ, 'ಇವಳ್ಗೆ ಮಡಿ ಜಾಸ್ತಿಯಾಗದ' ಅಂತ ಊರ್ಗೆಲ್ಲ ಯೇಳ್ಕಂಡ್ ಬಂದ."

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ನೀರನ್ನು ನೋಡುತ್ತಾ, "ನೀರಲ್ಲೇ ಕೂತು ಅಳ್ತಿದ್ದಿ ಕೂಸೆ. ಯಾಕ್ ಅಳ್ತಿನಿ ಅಂತ ನಂಗೇ ಗೊತ್ತಿರ್ನಿಲ್ಲ. ಉಚ್ಚು ಇಡೀತಾ ಅದಾ ಅಂತ ಭಯ. ಒಬ್ಳಾರೂ ಬಂದು, ಇದು ಎಲ್ಲಾರ್ಗೂ ಆಯ್ತದ ಕನ ಬಾ ಅಂದಿದ್ರ ಆಗಿತ್ತು" ಅಂದರು.

ನನಗೆ ಕಳಲೆಯ ಮನೆಯ ಕಂಬ ಕಣ್ಣಿಗೆ ಬಂತು. ಎಂಟನೇ ಕ್ಲಾಸಿನ ನಾನು ಆ ಕಂಬದ ಸುತ್ತ ಎಷ್ಟು ಸಲ ಓಡಿಹೋಗಿದ್ದೆ, ಒಂದು ಸಲವೂ ನಿಂತು ಏನಮ್ಮ ಅಂತ ಕೇಳಿರಲಿಲ್ಲ. ಅಮ್ಮ ಈಗಿಲ್ಲ. ನಾನು ಅತ್ತೆಯ ಹತ್ತಿರಕ್ಕೆ ಸರಿದು ಕೂತೆ.

ಹನ್ನೊಂದನೇ ದಿನ ಸ್ಟಾಫ್ ರೂಮಿನಲ್ಲಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಕ್ಯಾನ್ಸರ್ ಅಲ್ಲ. ಒಂದು ಸಣ್ಣ ದುರ್ಮಾಂಸ ಬೆಳೆದಿದೆ, ಒಂದು ದಿನದ ಕೆಲಸ, ತೆಗೆದುಬಿಡೋಣ ಅಂದರು. ನಾನು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಹೆಡ್‌ಮಾಸ್ಟರು ಓಡಿಬಂದರು. ಈ ಸಲ ಅವರು ಕೂಗುವ ಮೊದಲೇ ನಾನು, "ಗ್ಲೂಕೋಸ್ ಬೇಡ ಸಾರ್, ಅರ್ಧ ದಿನ ರಜ ಬೇಕು" ಅಂದೆ.

ದುರ್ಮಾಂಸ ತೆಗೆಸುವುದಕ್ಕೆ ಮಗನ ಸಹಿ ಬೇಕಾಗಿ ನಮ್ಮನೆಯವರಿಗೆ ಹೇಳಲೇಬೇಕಾಯಿತು. ಅಂಗಡಿಗೇ ಹೋಗಿ ಇಬ್ಬರೂ ಹೇಳಿದೆವು. ಅವರು ಯೂರಿಯಾ ಮೂಟೆಯ ಮೇಲೆ ಕುಸಿದು ಕೂತು, ತಾಯಿಯ ಮಂಡಿಯನ್ನೂ ಮುಖವನ್ನೂ ಒಂದಾದ ಮೇಲೊಂದು ನೋಡಿದರು.

"ಅವ್ವಾ, ನಂಗ್ಯಾಕೆ ಹೇಳ್ನಿಲ್ಲ? ನಾನೇನ್ ಬೇರೇನಾ?"

"ನೀನು ನಿನ್ನೆಡ್ತಿ ಇಸ್ಯಾನ ಗೊಬ್ರುಕ್ ಬಂದೋರ್ಗೆಲ್ಲ ಯೇಳ್ತಿದ್ದಲ್ಲ ಮಗ" ಅಂದರು ಅತ್ತೆ, ಮಂಡಿ ಪಟ್ಟಿ ಬಿಚ್ಚುತ್ತಾ. "ನನ್ ಇಸ್ಯ ಬೀಜದ ಪೊಟ್ಣದ್ ಮ್ಯಾಲೇ ಬರ್ದ್‌ಬುಟ್ಟಿಯ ಅಂತ ಸುಮ್ನಿದ್ದಿ."

ಸಂಜೆ ಮನೆಗೆ ಬಂದ ನಮ್ಮನೆಯವರು ತಾಯಿಯ ಪಕ್ಕ ಕೂತು ಅವರೆಕಾಯಿ ಸುಲಿದುಕೊಟ್ಟರು. ಅದುವರೆಗೂ ಆ ಮನುಷ್ಯ ಒಂದು ಕಾಯಿ ಸುಲಿದದ್ದನ್ನು ನಾನು ಕಂಡಿರಲಿಲ್ಲ.

ಎಲ್ಲ ಸುಸೂತ್ರವಾಗಿ ಮುಗಿಯಿತು. ಅತ್ತೆ ಹದಿನೈದು ದಿನ ನಮ್ಮಲ್ಲೇ ಇದ್ದು, ಮತ್ತೆ ಡಾಕ್ಟರಮ್ಮನ ಹತ್ತಿರ ತೋರಿಸಿ, ಏನೂ ತೊಂದರೆಯಿಲ್ಲ ಅನ್ನಿಸಿಕೊಂಡು ಊರಿಗೆ ಹೊರಟರು. ನಾನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಬಸ್ಸು ತುಂಬಿತ್ತು. ಅತ್ತೆಗೆ ಕಿಟಕಿಯ ಪಕ್ಕ ಒಂದು ಸೀಟು ಸಿಕ್ಕಿತು. ಪಕ್ಕದಲ್ಲಿ ನಲವತ್ತೈದು, ಐವತ್ತು ವರ್ಷದ ಒಬ್ಬ ಹೆಂಗಸು, ಮಡಿಲಲ್ಲಿ ಹೂವಿನ ಬುಟ್ಟಿ. ಅವತ್ತು ಮೋಡ ಮುಚ್ಚಿ ತಣ್ಣಗೆ ಗಾಳಿ ಬೀಸುತ್ತಿತ್ತು. ಆದರೂ ಆಕೆ ಸೆರಗಿನಲ್ಲಿ ಮುಖಕ್ಕೆ ಗಾಳಿ ಹಾಕಿಕೊಳ್ಳುತ್ತಾ, ಕತ್ತು ಒರೆಸಿಕೊಳ್ಳುತ್ತಾ, ಅಕ್ಕಪಕ್ಕದವರ ಕಡೆ ಸಿಡುಕಿನಿಂದ ನೋಡುತ್ತಿದ್ದಳು.

ನಾನು ಕೆಳಗೆ ಕಿಟಕಿಯ ಹತ್ತಿರ ನಿಂತು, "ಹೋದಮೇಲೆ ಫೋನ್ ಮಾಡಿಸಿ ಅತ್ತೆ. ಮಾತ್ರೆ ಮರೀಬೇಡಿ. ಮುಂದಿನ ತಿಂಗಳು ಬರಬೇಕು, ಗೊತ್ತಲ್ಲ?" ಅನ್ನುತ್ತಿದ್ದೆ.

ಅತ್ತೆ "ಊ, ಊ" ಅನ್ನುತ್ತಿದ್ದರು, ಆದರೆ ಅವರ ಕಣ್ಣು ಪಕ್ಕದವಳ ಮೇಲಿತ್ತು. ಡ್ರೈವರು ಹತ್ತಿ ಗಾಡಿ ಸ್ಟಾರ್ಟ್ ಮಾಡಿದ. ಇಂಜಿನ್ನಿನ ಸದ್ದನ್ನು ಮೀರಿಸಿ, ಎರಡು ಗದ್ದೆ ದಾಟುವ ಆ ಧ್ವನಿ ಕೇಳಿಸಿತು.

"ಏನವ್ವಾ, ಎಷ್ಟಾಯ್ತು ನಿಂಗೆ ವಯಸ್ಸು? ತಿಂಗ್ಳು ತಿಂಗ್ಳು ಸರ್ಯಾಗ್ ಆಯ್ತಾ ಅದಾ?"

ಇಡೀ ಬಸ್ಸು ತಣ್ಣಗಾಯಿತು. ಕಂಡಕ್ಟರು ಬಾಗಿಲ ಹೊರಗೆ ಕತ್ತು ಚಾಚಿ ರೈಟ್ ರೈಟ್ ಅಂದ. ಮುಂದಿನ ಸೀಟಿನ ಗಂಡಸೊಬ್ಬ ಮೊಬೈಲನ್ನು ತಲೆಕೆಳಗಾಗಿ ಹಿಡಿದು ನೋಡತೊಡಗಿದ. ನನಗೆ ನಿಂತಲ್ಲೇ ಶಾಖ ಏರಿ ಕಿವಿ ಕೆಂಪಾಯಿತು. ಇದು ಮುಟ್ಟು ನಿಲ್ಲುವುದರದ್ದೋ ನಾಚಿಕೆಯದ್ದೋ ಗೊತ್ತಾಗಲಿಲ್ಲ. ಆ ಹೆಂಗಸು ಬೈಯುತ್ತಾಳೆ ಅಂದುಕೊಂಡೆ. ಅವಳು ಅತ್ತ ಇತ್ತ ನೋಡಿದಳು. ಆಮೇಲೆ ಹೂವಿನ ಬುಟ್ಟಿಯನ್ನು ಕಾಲ ಹತ್ತಿರ ಇಳಿಸಿ, ಅತ್ತೆಯ ಕಡೆಗೆ ಸರಿದು, ಅವರ ಕಿವಿಗೆ ಬಾಯಿಟ್ಟು ಏನೋ ಹೇಳತೊಡಗಿದಳು.

ಬಸ್ಸು ಹೊರಟಿತು. ನಾನು ಕೈ ಬೀಸಿದೆ. ಅತ್ತೆ ತಲೆದೂಗುತ್ತಾ ಕೇಳಿಸಿಕೊಳ್ಳುತ್ತಿದ್ದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.